ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟುದು ಹೇಗೆ: ಕಾಂಜುಗೇಟ್ ವ್ಯಾಕ್ಸಿನ್ ಕೆಮಿಸ್ಟ್ರಿ ಕಲಿಯುವವರಿಗೆ ಒಂದು ಲ್ಯಾಬ್ ಗೈಡ್

ಜನವರಿ ಬಂತು ಅಂತಾದ್ರೆ ನಮ್ಮ ಲ್ಯಾಬ್ ಬಾಗಿಲಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಕ್ಕಳ ಕ್ಯೂ, "ಅಕ್ಕಾ, ವ್ಯಾಕ್ಸಿನ್ ಮೇಲೆ ಎಂತಾದ್ರೂ ಮಾಡ್ಬಹುದಾ, ಮೂರು ತಿಂಗಳಲ್ಲಿ ಮುಗಿಯುವಂಥದ್ದು" ಅಂತ. ಮೊದಲು ನಗು ಬರ್ತಿತ್ತು. ಈಗ ಒಂದು ಉತ್ತರ ರೆಡಿ ಉಂಟು: ವ್ಯಾಕ್ಸಿನ್ ಮಾಡ್ಲಿಕ್ಕೆ ಆಗುದಿಲ್ಲ, ಆದ್ರೆ ವ್ಯಾಕ್ಸಿನಿನ ಹೊಟ್ಟೆಯೊಳಗಿನ ಕೆಮಿಸ್ಟ್ರಿ ಕಲೀಬಹುದು, ಅದೂ ಒಂದೇ ಒಂದು ಬ್ಯಾಕ್ಟೀರಿಯಾ ಮುಟ್ಟದೆ. ಮಂಗಳೂರು, ದೇರಳಕಟ್ಟೆ, ಕೊಣಾಜೆ, ಮಣಿಪಾಲ, ಈ ಸುತ್ತಿನಲ್ಲಿ ಎಷ್ಟೋ ಕಾಲೇಜ್ ಲ್ಯಾಬ್‌ಗಳು ಉಂಟಲ್ಲ, ಅಲ್ಲಿ ಸಾಮಾನ್ಯವಾಗಿ ಸಿಗುವ ಸಾಮಾನಿನಲ್ಲೇ ಮಾಡುವ ಹಾಗೆ ಬರ್ದಿದ್ದೇನೆ. ಒಂದು ಮಾತು ಈಗ್ಲೇ ಹೇಳ್ತೇನೆ, ಕಟ್ಟುದು ಸುಲಭ ಮಾರಾಯ್ರೆ, ಕಟ್ಟಿದ್ದು ನಿಜವಾಗಿ ಕಟ್ಟಿದೆಯಾ ಅಂತ ತೋರಿಸ್ಲಿಕ್ಕೆ ಮಂಡೆಬಿಸಿ.

ಯಾಕೆ ಕಟ್ಟಬೇಕು ಅಂತ ಸ್ವಲ್ಪ ಕೇಳಿ. ಹಿಬ್ (ಹಿಮೊಫಿಲಸ್ ಇನ್‌ಫ್ಲುಯೆಂಜಾ ಬಿ), ನ್ಯುಮೊಕಾಕಸ್, ಮೆನಿಂಗೊಕಾಕಸ್, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ, ಈ ಬ್ಯಾಕ್ಟೀರಿಯಾಗಳ ಮೈಮೇಲೆ ಉದ್ದುದ್ದ ಸಕ್ಕರೆ ಸರಪಳಿಯ ಒಂದು ಕೋಟು ಇರ್ತದೆ, ಪಾಲಿಸ್ಯಾಕರೈಡ್ ಕ್ಯಾಪ್ಸೂಲ್. ಆ ಸಕ್ಕರೆಗೆ ಆಂಟಿಬಾಡಿ ಹುಟ್ಟಿದ್ರೆ ಬ್ಯಾಕ್ಟೀರಿಯಾ ಖತಂ. ಆದ್ರೆ ಬರೀ ಸಕ್ಕರೆ ಚುಚ್ಚಿದ್ರೆ 2 ವರ್ಷದೊಳಗಿನ ಮಕ್ಕಳ ಮೈ ಅದನ್ನು ಕ್ಯಾರೇ ಮಾಡುದಿಲ್ಲ, ಹಿಬ್, ನ್ಯುಮೊಕಾಕಸ್ ಖಾಯಿಲೆ ಜಾಸ್ತಿ ಬರುದು ಆ ವಯಸ್ಸಿನವರಿಗೇ. ದೊಡ್ಡವರಲ್ಲಿ ಆಂಟಿಬಾಡಿ ಬರ್ತದೆ, ನೆನಪು ಉಳಿಯುದಿಲ್ಲ. ಕಾರಣ ಎಂತ ಅಂದ್ರೆ ಆಂಟಿಬಾಡಿ ಮಾಡುವ ಬಿ ಸೆಲ್ಲಿಗೆ ಸಕ್ಕರೆಯ ಗುರ್ತ ಸಿಗ್ತದೆ, ಆದ್ರೆ ಮುಂದಿನ ಕೆಲಸಕ್ಕೆ ಟಿ ಸೆಲ್ಲಿನ ಸಹಾಯ ಬೇಕು, ಟಿ ಸೆಲ್ಲಿಗೆ ಪ್ರೋಟೀನಿನ ತುಂಡು ಮಾತ್ರ ಅರ್ಥ ಆಗುದು. ಸಕ್ಕರೆಗೆ ಪ್ರೋಟೀನ್ ಕಟ್ಟಿ ಕೊಟ್ರೆ ಬಿ ಸೆಲ್ಲು ಸಕ್ಕರೆಯನ್ನು ಹಿಡಿದು ಎರಡನ್ನೂ ಒಟ್ಟಿಗೆ ನುಂಗಿ, ಪ್ರೋಟೀನಿನ ತುಂಡನ್ನು ಹೊರಗೆ ತೋರಿಸ್ತದೆ, ಟಿ ಸೆಲ್ಲು ಬಂದು ಕೈ ಕೊಡ್ತದೆ. ಪರಿಚಯ ಇಲ್ಲದ ಮದುವೆ ಮನೆಗೆ ಗುರ್ತದವರ ಜೊತೆ ಹೋದ್ರೆ ಬಾಳೆ ಎಲೆ ಸಿಗ್ತದಲ್ಲ, ಹಾಗೆ. ಹೀಗೆ ಪ್ರೋಟೀನಿಗೆ ಕಟ್ಟಿದ ಸಕ್ಕರೆಗೇ ಕಾಂಜುಗೇಟ್ ಅನ್ನುದು.

ಇಲ್ಲಿ ಒಂದು ಸೂಕ್ಷ್ಮ ಉಂಟು, ಅದನ್ನೇ ಹೆಚ್ಚಿನವರು ಬಿಡುದು. ಎರಡನ್ನೂ ಒಂದೇ ಸೆಲ್ಲು ಒಟ್ಟಿಗೆ ನುಂಗಬೇಕು. ಅಂದ್ರೆ ಸಕ್ಕರೆ, ಪ್ರೋಟೀನ್ ಎರಡೂ ಒಂದೇ ಬಾಟ್ಲಿಯಲ್ಲಿ ಇದ್ರೆ ಸಾಲ್ದು, ಕೋವೇಲೆಂಟ್ ಬಾಂಡ್ ಬೇಕು, ಅಂದ್ರೆ ಎಲೆಕ್ಟ್ರಾನ್ ಹಂಚಿಕೊಂಡ ಗಟ್ಟಿ ಗಂಟು. ನಮ್ಮ ಶಂಕರಪುರದ ಮಲ್ಲಿಗೆ ನೆನಪು ಮಾಡಿ. ಗೆರಸೆಯಲ್ಲಿ ಸುರಿದ ಮಲ್ಲಿಗೆಯೂ ಮಲ್ಲಿಗೆಯೇ, ಬಾಳೆನಾರಲ್ಲಿ ಕಟ್ಟಿದ್ದೂ ಮಲ್ಲಿಗೆಯೇ, ದೂರದಿಂದ ಎರಡೂ ಒಂದೇ ಬಿಳಿ ರಾಶಿ. ವ್ಯತ್ಯಾಸ ಗೊತ್ತಾಗುದು ಒಂದು ತುದಿ ಹಿಡಿದು ಎತ್ತಿದಾಗ. ಮುಂದೆ ಬರುವ ಟೆಸ್ಟುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ತುದಿ ಹಿಡಿದು ಎತ್ತುವ ಕೆಲಸವೇ.

ಇದು ಹೊಸ ಐಡಿಯಾ ಅಂತ ತಿಳ್ಕೊಳ್ಬೇಡಿ. ಏವರಿ ಮತ್ತು ಗೋಬೆಲ್ 1929ರಲ್ಲೇ ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿ ತೋರಿಸಿದ್ರು. ಹೌದು, ಡಿಎನ್ಎಯೇ ಜೀನ್ ಅಂತ ಆಮೇಲೆ ತೋರಿಸಿಕೊಟ್ಟ ಅದೇ ಏವರಿ. ಆದ್ರೆ ಮಕ್ಕಳಿಗೆ ಕೊಡುವ ಮೊದಲ ಹಿಬ್ ಕಾಂಜುಗೇಟ್‌ಗೆ ಅಮೆರಿಕದಲ್ಲಿ ಲೈಸೆನ್ಸ್ ಸಿಕ್ಕಿದ್ದು 1987ರಲ್ಲಿ. ಈಗ ನಮ್ಮ ಪಿಎಚ್‌ಸಿಯಲ್ಲಿ 6, 10, 14ನೇ ವಾರಕ್ಕೆ ಹಾಕುವ ಪೆಂಟಾವೇಲೆಂಟ್‌ನಲ್ಲಿ ಹಿಬ್‌ನ ಭಾಗ ಕಾಂಜುಗೇಟ್, 6 ವಾರ, 14 ವಾರ ಮತ್ತೆ 9 ತಿಂಗಳಿಗೆ ಹಾಕುವ ನ್ಯುಮೊಕಾಕಸ್‌ನ ಪಿಸಿವಿ ಪೂರ್ತಿ ಕಾಂಜುಗೇಟ್. ತಾಯಿ ಕಾರ್ಡ್ ತೆಗೆದು ನೋಡಿ, ನೀವು ಕಲಿಯುವ ಕೆಮಿಸ್ಟ್ರಿ ಅದರಲ್ಲಿ ಟಿಕ್ ಮಾರ್ಕಾಗಿ ಕೂತಿರ್ತದೆ.

ಸಾಮಾನು

ನಿಜವಾದ ಬ್ಯಾಕ್ಟೀರಿಯಾದ ಸಕ್ಕರೆ ಬೇಡ. ದುಬಾರಿ, ಮತ್ತೆ ಮೊದಲ ಸಲ ಹಾಳು ಮಾಡುದು ಗ್ಯಾರಂಟಿ. ಸಕ್ಕರೆಯ ಬದಲಿಗೆ ಡೆಕ್ಸ್‌ಟ್ರಾನ್, 40 ಕಿಲೋಡಾಲ್ಟನ್‌ನದ್ದು. ಪ್ರೋಟೀನಿಗೆ ಬಿಎಸ್ಎ (ದನದ ರಕ್ತದ ಆಲ್ಬುಮಿನ್), ಫ್ರಿಜ್ಜಲ್ಲಿ ಇರುದೇ ಸಾಕು. ಸೋಡಿಯಂ ಪರ್‌ಅಯೋಡೇಟ್, ಗ್ಲಿಸರಾಲ್, ಸೋಡಿಯಂ ಸಯನೋಬೊರೊಹೈಡ್ರೈಡ್, ಸೋಡಿಯಂ ಬೊರೊಹೈಡ್ರೈಡ್, ಫಾಸ್ಫೇಟ್ ಬಫರ್, 12ರಿಂದ 14 ಕಿಲೋಡಾಲ್ಟನ್ ಕಟ್ಆಫ್ ಇರುವ ಡಯಾಲಿಸಿಸ್ ಟ್ಯೂಬು, ಅಣುಗಳನ್ನು ಸೈಜ್ ಪ್ರಕಾರ ಬೇರೆ ಮಾಡುವ ಒಂದು ಸೆಫಾಕ್ರಿಲ್ ಎಸ್ 300 ಕಾಲಮ್. ಮಳೆಗಾಲದಲ್ಲಿ ಪ್ರಾಜೆಕ್ಟ್ ಇದ್ರೆ ಆರ್ಡರ್ ಬೇಗ ಹಾಕಿ, ಶಿರಾಡಿಯಲ್ಲಿ ಗುಡ್ಡ ಜರಿದು ರೋಡ್ ಬಂದ್ ಆದ್ರೆ ಬೆಂಗ್ಳೂರಿನ ಪಾರ್ಸೆಲ್ ಎಲ್ಲಿ ಉಂಟು ಅಂತ ಹುಡುಕ್ತಾ ಕೂತ್ಕೊಳ್ಬೇಕು.

ಮಳೆಗಾಲದ ಇನ್ನೊಂದು ತಲೆನೋವು ನಮ್ಮ ಊರಿನ ತೇವ. ಸಯನೋಬೊರೊಹೈಡ್ರೈಡ್ ಗಾಳಿಯಿಂದ ನೀರು ಎಳಿತದೆ. ಜುಲೈಯಲ್ಲಿ ಬಾಟ್ಲಿ ಮುಚ್ಚಳ ತೆಗ್ದು ಇಟ್ಟು ಬ್ಯಾಲೆನ್ಸ್ ಝೀರೋ ಆಗ್ಲಿ ಅಂತ ಕಾದ್ರೆ ಸ್ಪಾಟುಲಾದ ಮೇಲಿನ ಪುಡಿ ಕಣ್ಣೆದುರೇ ಒದ್ದೆ ಬೆಲ್ಲದ ಹಾಗೆ ಅಂಟಂಟಾಗ್ತದೆ, ಆಮೇಲೆ ನೀವು ತೂಗಿದ 20 ಮಿಲಿಗ್ರಾಂನಲ್ಲಿ ನೀರೆಷ್ಟು ಮದ್ದೆಷ್ಟು ಅಂತ ದೇವರಿಗೇ ಗೊತ್ತು. ಸಣ್ಣ ಸಣ್ಣ ವಯಲ್‌ಗೆ ಭಾಗ ಮಾಡಿ, ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ ಇಡಿ, ಒಂದು ಸಲಕ್ಕೆ ಒಂದೇ ವಯಲ್ ತೆಗೀರಿ.

ಸೇಫ್ಟಿ ವಿಷಯದಲ್ಲಿ ಬರೀ ಗ್ಲೌಸ್ ಹಾಕಿದ್ರೆ ಆಗ್ಲಿಲ್ಲ. ಸಯನೋಬೊರೊಹೈಡ್ರೈಡ್‌ಗೆ ಆಸಿಡ್ ತಾಗಿದ್ರೆ ಹೈಡ್ರೋಜನ್ ಸಯನೈಡ್ ಗ್ಯಾಸ್ ಬರ್ತದೆ, ಅದು ಕೊಲ್ಲುವ ಗ್ಯಾಸ್. ಫ್ಯೂಮ್ ಹುಡ್ ಇಲ್ಲದ ಲ್ಯಾಬಲ್ಲಿ ಈ ಪ್ರಯೋಗ ಮಾಡ್ಲೇಬೇಡಿ, ಹುಡ್ ಫ್ಯಾನ್ ತಿರುಗ್ತದಾ ಅಂತ ಒಂದು ತುಂಡು ಟಿಶ್ಯೂ ಹಿಡಿದು ನೋಡಿ, ಒಬ್ರೇ ಇರುವ ಹೊತ್ತಿಗೆ ಮಾಡ್ಬೇಡಿ, ಗೈಡ್‌ಗೆ ಹೇಳದೆಯೂ ಮಾಡ್ಬೇಡಿ. ಮತ್ತೆ ಕೊನೆಗೆ ಸಿಗುವ ವಸ್ತು ಪ್ರಾಕ್ಟೀಸಿಗೆ ಮಾತ್ರ, ಅದನ್ನು ಮನುಷ್ಯರಿಗೆ ಬಿಡಿ, ಪರ್ಮಿಷನ್ ಇಲ್ಲದೆ ಇಲಿಗೂ ಚುಚ್ಲಿಕ್ಕಿಲ್ಲ.

ಮೊದಲ ದಿನ: ಸಕ್ಕರೆಗೆ ಕೊಕ್ಕೆ ಮಾಡುದು

ಡೆಕ್ಸ್‌ಟ್ರಾನ್ ಅಂದ್ರೆ ಗ್ಲೂಕೋಸಿನ ಸರಪಳಿ. ಅದು ಹಾಗೇ ಪ್ರೋಟೀನಿಗೆ ಕಟ್ಟುದಿಲ್ಲ, ಅದರಲ್ಲಿ ಹಿಡ್ಕೊಳ್ಲಿಕ್ಕೆ ಕೊಕ್ಕೆ ಇಲ್ಲ. ಪರ್‌ಅಯೋಡೇಟ್ ಎಂತ ಮಾಡ್ತದೆ ಅಂದ್ರೆ ಪಕ್ಕ ಪಕ್ಕದ ಎರಡು ಕಾರ್ಬನ್‌ನಲ್ಲಿ ಓಎಚ್ ಇದ್ರೆ ಆ ಕಾರ್ಬನ್‌ಗಳ ನಡುವೆ ಕತ್ತರಿಸಿ ಎರಡೂ ಬದಿಗೆ ಆಲ್ಡಿಹೈಡ್ ಮಾಡಿಡ್ತದೆ, ಅದೇ ನಮ್ಮ ಕೊಕ್ಕೆ. ಸರಪಳಿ ತುಂಡಾಗುದಿಲ್ಲ, ಆ ಒಂದು ಗ್ಲೂಕೋಸಿನ ರಿಂಗ್ ಮಾತ್ರ ಬಿಚ್ಚಿಕೊಳ್ತದೆ.

50 ಮಿಲಿಗ್ರಾಂ ಡೆಕ್ಸ್‌ಟ್ರಾನನ್ನು 5 ಎಂಎಲ್ ನೀರಲ್ಲಿ ಕರಗಿಸಿ. ಈಗ ಒಂದು ಲೆಕ್ಕ, ಇದನ್ನು ನೋಟ್‌ಬುಕ್ಕಿಂದ ಕಾಪಿ ಹೊಡೆಯದೆ ನೀವೇ ಮಾಡಿ. ಸರಪಳಿಯಲ್ಲಿ ಕೂತ ಒಂದು ಗ್ಲೂಕೋಸಿನ ತೂಕ 162. 50ನ್ನು 162ರಿಂದ ಭಾಗಿಸಿದ್ರೆ ಸುಮಾರು 309 ಮೈಕ್ರೋಮೋಲ್ ಗ್ಲೂಕೋಸ್. ನಮಗೆ ಬೇಕಾದ್ದು ಅದರಲ್ಲಿ 100ಕ್ಕೆ 5 ಮಾತ್ರ ಬಿಚ್ಚಿಕೊಳ್ಳುದು, ಅಂದ್ರೆ 15.5 ಮೈಕ್ರೋಮೋಲ್ ಪರ್‌ಅಯೋಡೇಟ್. ಒಂದು ಎಂಎಲ್‌ಗೆ 21.4 ಮಿಲಿಗ್ರಾಂ ಹಾಕಿ 100 ಮಿಲಿಮೋಲಾರ್ ಸ್ಟಾಕ್ ಮಾಡಿದ್ರೆ ಅದರಿಂದ 155 ಮೈಕ್ರೋಲೀಟರ್ ಸಾಕು. 40 ಕಿಲೋಡಾಲ್ಟನ್‌ನ ಒಂದು ಸರಪಳಿಯಲ್ಲಿ ಸುಮಾರು 247 ಗ್ಲೂಕೋಸ್ ಇರ್ತದೆ, ಹಾಗಾಗಿ ಒಂದು ಸರಪಳಿಗೆ 12 ಕಡೆ ಬಿಚ್ಚಿ ಸುಮಾರು 24 ಕೊಕ್ಕೆ.

ಇಲ್ಲಿ ಆಸೆ ಮಾಡಿದ್ರೆ ಕೆಟ್ಟಿರಿ. ಜಾಸ್ತಿ ಕೊಕ್ಕೆ ಇದ್ರೆ ಜಾಸ್ತಿ ಕಟ್ಟಿಕೊಳ್ತದಲ್ಲ ಅಂತ ಒಬ್ಬ ಹುಡುಗ ಪರ್‌ಅಯೋಡೇಟ್ ಹತ್ತು ಪಾಲು ಹಾಕಿದ್ದ. ಮೂರನೇ ದಿನ ಟ್ಯೂಬ್ ಕವುಚಿ ಹಿಡಿದ್ರೆ ಎಂತದ್ದೂ ಬೀಳುದಿಲ್ಲ, ಒಳಗೆ ಎಳನೀರಿನ ಗಂಜಿಯ ಹಾಗೆ ಜೆಲ್ಲಿ. ಒಂದೊಂದು ಸಕ್ಕರೆ ನಾಲ್ಕು ಪ್ರೋಟೀನನ್ನು ಹಿಡಿದು, ಒಂದೊಂದು ಪ್ರೋಟೀನ್ ನಾಲ್ಕು ಸಕ್ಕರೆಯನ್ನು ಹಿಡಿದು ಪೂರ್ತಿ ಬಲೆ ಆಗಿಹೋಗಿತ್ತು. ಅಲ್ಲದೆ ಡೆಕ್ಸ್‌ಟ್ರಾನಿನ ಗ್ಲೂಕೋಸಿನಲ್ಲಿ ಸಾಲಾಗಿ ಮೂರು ಓಎಚ್ ಇರುದರಿಂದ ಪರ್‌ಅಯೋಡೇಟ್ ಜಾಸ್ತಿ ಆದ್ರೆ ಎರಡೆರಡು ಸಲ ಕತ್ತರಿಸಿ ಫಾರ್ಮಿಕ್ ಆಸಿಡ್ ಬೇರೆ ಬಿಡ್ತದೆ. ನಿಜವಾದ ವ್ಯಾಕ್ಸಿನಿನಲ್ಲಿ ಇದು ಇನ್ನೂ ದೊಡ್ಡ ತಪ್ಪು, ಸಕ್ಕರೆಯ ಮುಖವೇ ಬದಲಾದ್ರೆ ಹುಟ್ಟುವ ಆಂಟಿಬಾಡಿಗೆ ಬ್ಯಾಕ್ಟೀರಿಯಾದ ಗುರ್ತ ಸಿಗ್ಲಿಕ್ಕಿಲ್ಲ.

ಟ್ಯೂಬಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಪರ್‌ಅಯೋಡೇಟ್ ಬೆಳಕಿಗೆ ಹಾಳಾಗ್ತದೆ. ರೂಮ್ ಟೆಂಪರೇಚರ್‌ನಲ್ಲಿ 2 ಗಂಟೆ ಸಾಕು ಅಂತ ಹೇಳುವವರಿದ್ದಾರೆ, ನಾನು 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವ ಪಾರ್ಟಿ, ಸಂಜೆ ಬಸ್ಸು ತಪ್ಪುದಿಲ್ಲ. ಬೆಳಿಗ್ಗೆ 50 ಪರ್ಸೆಂಟ್ ಗ್ಲಿಸರಾಲ್ 100 ಮೈಕ್ರೋಲೀಟರ್ ಹಾಕಿ 15 ನಿಮಿಷ ಬಿಡಿ, ಉಳಿದ ಪರ್‌ಅಯೋಡೇಟನ್ನು ಅದು ತಿಂದು ಮುಗಿಸ್ತದೆ.

ಎರಡನೇ ದಿನ: ತೊಳೆಯುದು, ಮತ್ತೂ ತೊಳೆಯುದು

ಗ್ಲಿಸರಾಲ್ ಹಾಕಿದ ಕೂಡ್ಲೇ ಪರ್‌ಅಯೋಡೇಟ್ ಹೋಯ್ತು, ಸರಿ. ಆದ್ರೆ ಆ ಜಗಳದಲ್ಲಿ ಫಾರ್ಮಾಲ್ಡಿಹೈಡ್ ಹುಟ್ಟಿತು ಅಂತ ಯಾರೂ ಹೇಳಿಕೊಡುದಿಲ್ಲ. ಅದೂ ಆಲ್ಡಿಹೈಡೇ, ಸಕ್ಕರೆ ಕಟ್ಟಬೇಕಾದ ಜಾಗವಾದ ನಿಮ್ಮ ಪ್ರೋಟೀನಿನ ಲೈಸೀನ್‌ಗಳನ್ನು ಸಕ್ಕರೆಗಿಂತ ಮೊದಲು ಅದೇ ಹೋಗಿ ಹಿಡಿತದೆ, ಸಣ್ಣದಲ್ವಾ, ಚುರುಕು ಜಾಸ್ತಿ. ಹಾಗಾಗಿ ಡಯಾಲಿಸಿಸ್‌ನಲ್ಲಿ ಸೋಮಾರಿತನ ಆಗ್ಲಿಕ್ಕಿಲ್ಲ. 2 ಲೀಟರ್ ನೀರು, 4 ಡಿಗ್ರಿ, ನೀರನ್ನು ಕಮ್ಮಿಯಲ್ಲಿ ಮೂರು ಸಲ ಬದಲಿಸಿ, ಕೊನೇದ್ದು ರಾತ್ರಿಯಿಡೀ. ಟ್ಯೂಬಿನಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟು ಕ್ಲಿಪ್ ಹಾಕಿ, ನೀರು ಒಳಗೆ ಬಂದು ಉಬ್ಬಿಕೊಳ್ತದೆ, ಟೈಟ್ ಕಟ್ಟಿದ್ರೆ ಒಡೆದು ಎರಡು ದಿನದ ಕೆಲಸ ಬೀಕರ್‌ಗೆ ಹೋಗ್ತದೆ.

ಮುಗಿದ ಮೇಲೆ ಎರಡು ಹನಿ ಟೆಸ್ಟ್ ಮಾಡಿ. ಷಿಫ್ ರಿಯೇಜೆಂಟ್ ಉಂಟಲ್ಲ, ಹಿಸ್ಟಾಲಜಿಯವರ ಹತ್ರ ಕೇಳಿದ್ರೆ ಸಿಗ್ತದೆ. ಟ್ಯೂಬಿನ ಒಳಗಿನ ಸಕ್ಕರೆಗೆ ಹಾಕಿದ್ರೆ ದಾಸವಾಳದ ಬಣ್ಣ ಬರಬೇಕು, ಹೊರಗಿನ ಕೊನೇ ನೀರಿಗೆ ಹಾಕಿದ್ರೆ ಬಣ್ಣ ಬರಬಾರ್ದು. ಒಳಗೆ ಕೊಕ್ಕೆ ಉಂಟು, ಹೊರಗೆ ಸಣ್ಣ ಆಲ್ಡಿಹೈಡ್ ಉಳಿದಿಲ್ಲ, ಎರಡೂ ಒಂದೇ ನಿಮಿಷದಲ್ಲಿ ಗೊತ್ತಾಯ್ತು. ಆಮೇಲೆ ಫ್ರೀಜ್ ಡ್ರೈ. ಡ್ರೈ ಆದದ್ದನ್ನು ತಿಂಗಳುಗಟ್ಲೆ ಇಡ್ಬೇಡಿ, ಆಲ್ಡಿಹೈಡ್‌ಗಳು ಪಕ್ಕದ ಓಎಚ್‌ಗಳ ಜೊತೆ ಸೇರಿಕೊಂಡು ಆಮೇಲೆ ಕರಗ್ಲಿಕ್ಕೇ ಸತಾಯಿಸ್ತವೆ.

ಮೂರನೇ ದಿನ: ಕಟ್ಟುದು

40 ಮಿಲಿಗ್ರಾಂ ಆಕ್ಸಿಡೈಸ್ಡ್ ಡೆಕ್ಸ್‌ಟ್ರಾನ್ 2 ಎಂಎಲ್‌ನಲ್ಲಿ, 40 ಮಿಲಿಗ್ರಾಂ ಬಿಎಸ್ಎ 2 ಎಂಎಲ್‌ನಲ್ಲಿ, ಎರಡೂ 0.2 ಮೋಲಾರ್ ಸೋಡಿಯಂ ಫಾಸ್ಫೇಟ್ ಪಿಎಚ್ 8ರಲ್ಲಿ. ಸೇರಿಸಿ. ಪ್ರೋಟೀನಿನ ಲೈಸೀನ್ ತುದಿಯ ಅಮೀನ್ ಹೋಗಿ ಸಕ್ಕರೆಯ ಆಲ್ಡಿಹೈಡಿಗೆ ತಾಗಿ ಷಿಫ್ ಬೇಸ್ ಆಗ್ತದೆ. ಇದು ಕೈ ಕೈ ಹಿಡಿದ ಹಾಗೆ ಅಷ್ಟೇ, ನೀರು ಬಂದ್ರೆ ಬಿಟ್ಟುಹೋಗ್ತದೆ. ಅದನ್ನು ಗಂಟು ಹಾಕುದು ಸಯನೋಬೊರೊಹೈಡ್ರೈಡ್. ಅದರ ಗುಣ ಎಂತ ಅಂದ್ರೆ ಷಿಫ್ ಬೇಸನ್ನು ರೆಡ್ಯೂಸ್ ಮಾಡ್ತದೆ, ಈ ಪಿಎಚ್‌ನಲ್ಲಿ ಆಲ್ಡಿಹೈಡನ್ನು ಹೆಚ್ಚು ಮುಟ್ಟುದಿಲ್ಲ, ಅದಕ್ಕೇ ಅಷ್ಟು ರಗಳೆ ಇದ್ರೂ ಅದನ್ನೇ ತರುದು. ಸುಮಾರು 20 ಮಿಲಿಗ್ರಾಂ ಹುಡ್‌ನ ಒಳಗೆ ತೂಗಿ ಬಫರಲ್ಲಿ ಕರಗಿಸಿ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ, ಇಲ್ಲ ರೂಮ್ ಟೆಂಪರೇಚರ್‌ನಲ್ಲಿ 48 ಗಂಟೆ. ಮುಚ್ಚಳ ಬಿಗಿ ಬೇಡ. ಕುಲುಕ್ಬೇಡಿ, ನೊರೆ ಬಂದ್ರೆ ಪ್ರೋಟೀನ್ ಕೆಡ್ತದೆ.

ಬಫರ್ ವಿಷಯದಲ್ಲಿ ನನ್ನ ಕಥೆ ಹೇಳದಿದ್ರೆ ಆಗ್ಲಿಕ್ಕಿಲ್ಲ. ನನ್ನ ಮೊದಲ ಕಾಂಜುಗೇಷನ್, ಹಳೇ ಲ್ಯಾಬೊಂದರಲ್ಲಿ. ಶೆಲ್ಫಲ್ಲಿ ಒಂದು ಬಾಟ್ಲಿ, ಮೇಲೆ ಮಾರ್ಕರಲ್ಲಿ "ಬಫರ್, ಪಿಎಚ್ 8", ಅಷ್ಟೇ, ಯಾರು ಮಾಡಿದ್ದು ಯಾವಾಗ ಮಾಡಿದ್ದು ಎಂತದ್ದೂ ಇಲ್ಲ. ಪಿಎಚ್ ಮೀಟರಲ್ಲಿ ನೋಡಿದೆ, 8.0 ಸರಿಯಾಗಿ ಉಂಟು, ಹಾಕಿದೆ. ಎರಡು ದಿನ ಕಾದು ಜೆಲ್ ಓಡಿಸಿದ್ರೆ ಬಿಎಸ್ಎ ಬ್ಯಾಂಡ್ ಎಷ್ಟು ಚಂದ ಅಂದ್ರೆ ಪಾಠಪುಸ್ತಕದಲ್ಲಿ ಹಾಕುವಷ್ಟು ಚಂದ. ಒಂದು ಚೂರೂ ಕಟ್ಟಿಲ್ಲ. ಡೆಕ್ಸ್‌ಟ್ರಾನ್ ಸರಿ ಇಲ್ಲ ಅಂತ ಬೈದೆ, ಪರ್‌ಅಯೋಡೇಟ್ ಹಳತು ಅಂತ ಬೈದೆ, ಪುನಃ ಎಲ್ಲ ಮೊದಲಿಂದ ಮಾಡಿದೆ, ಎರಡು ವಾರ ಹೋಯ್ತು, ಪುನಃ ಅದೇ ಬ್ಯಾಂಡ್. ಕೊನೆಗೆ ಗೊತ್ತಾದ್ದು ಆ ಬಾಟ್ಲಿಯಲ್ಲಿ ಇದ್ದದ್ದು ಫಾಸ್ಫೇಟ್ ಅಲ್ಲ, ಟ್ರಿಸ್ ಅನ್ನುವ ಬೇರೆ ಬಫರ್. ಟ್ರಿಸ್‌ನಲ್ಲೂ ಅಮೀನ್ ಉಂಟು! ಲೆಕ್ಕ ಹಾಕಿ ನೋಡಿ, 40 ಮಿಲಿಗ್ರಾಂ ಬಿಎಸ್ಎ ಅಂದ್ರೆ 0.6 ಮೈಕ್ರೋಮೋಲ್, ಒಂದೊಂದರಲ್ಲಿ ಸುಮಾರು 60 ಲೈಸೀನ್, ಒಟ್ಟು 36 ಮೈಕ್ರೋಮೋಲ್ ಅಮೀನ್. 0.1 ಮೋಲಾರ್ ಟ್ರಿಸ್ 4 ಎಂಎಲ್ ಅಂದ್ರೆ 400 ಮೈಕ್ರೋಮೋಲ್. ಊಟಕ್ಕೆ ಕೂತದ್ದು 36 ಜನ, ಬಾಗಿಲಲ್ಲಿ ಕರೆಯದೆ ಬಂದವರು 400. ಅಂದಿನಿಂದ ನಾನು ಬೇರೆಯವರು ಮಾಡಿಟ್ಟ ಬಫರ್ ಮುಟ್ಟುದಿಲ್ಲ. ಗ್ಲೈಸೀನ್, ಅಮೋನಿಯಂ ಸಲ್ಫೇಟ್ ಇದ್ದ ಸ್ಯಾಂಪಲ್ಲೂ ಅದೇ ಜಾತಿ, ಡಯಾಲಿಸಿಸ್ ಮಾಡದೆ ಹಾಕ್ಬೇಡಿ.

ಜೊತೆಗೆ ಎರಡು ಕಂಟ್ರೋಲ್ ಟ್ಯೂಬು ಇಡ್ಲೇಬೇಕು. ಒಂದರಲ್ಲಿ ಬಿಎಸ್ಎ ಮತ್ತು ಆಕ್ಸಿಡೈಸ್ ಮಾಡದ ಡೆಕ್ಸ್‌ಟ್ರಾನ್, ಇನ್ನೊಂದರಲ್ಲಿ ಬಿಎಸ್ಎ ಮಾತ್ರ, ಎರಡಕ್ಕೂ ಸಯನೋಬೊರೊಹೈಡ್ರೈಡ್ ಹಾಕಿ. ಮೊದಲನೇದ್ದೇ ನಿಮ್ಮ ಗೆರಸೆಯ ಮಲ್ಲಿಗೆ, ಎಲ್ಲ ಉಂಟು ಕಟ್ಟಿಲ್ಲ. ಇದಿಲ್ಲದ ಪ್ರಾಜೆಕ್ಟ್ ರಿಪೋರ್ಟ್ ನನ್ನ ಕೈಗೆ ಬಂದ್ರೆ ನಾನು ಮುಂದಿನ ಪೇಜ್ ತಿರುಗಿಸುದೇ ಇಲ್ಲ.

ಉಳಿದ ಕೊಕ್ಕೆ ಮುಚ್ಚುದು, ಬೇರೆ ಮಾಡುದು

ಎಲ್ಲ ಆಲ್ಡಿಹೈಡೂ ಪ್ರೋಟೀನಿಗೆ ಸಿಗುದಿಲ್ಲ. ಉಳಿದದ್ದನ್ನು ಹಾಗೇ ಬಿಟ್ರೆ ಫ್ರಿಜ್ಜಲ್ಲಿ ಕೂತು ನಿಧಾನಕ್ಕೆ ಇನ್ನೂ ಕಟ್ಟಿಕೊಳ್ತಾ ಹೋಗ್ತವೆ. ಐಸ್ ಮೇಲಿಟ್ಟು, ಆಗಷ್ಟೇ ತಣ್ಣೀರಲ್ಲಿ ಕರಗಿಸಿದ 4 ಮಿಲಿಗ್ರಾಂ ಸೋಡಿಯಂ ಬೊರೊಹೈಡ್ರೈಡ್ ಹನಿ ಹನಿಯಾಗಿ ಹಾಕಿ, ಅರ್ಧ ಗಂಟೆ. ಗುಳ್ಳೆ ಬರ್ತದೆ, ಅದು ಹೈಡ್ರೋಜನ್, ಮುಚ್ಚಳ ತೆರ್ದೇ ಇರ್ಲಿ, ಬೆಂಕಿ ಹತ್ರ ಬೇಡ. (ಒಮ್ಮೆ ನಮ್ಮ ಐಸ್ ಮೆಷಿನ್ ಕೈಕೊಟ್ಟು ಅಟೆಂಡರ್ ಅಣ್ಣ ಮೀನಿನ ಧಕ್ಕೆಯಿಂದ ಒಂದು ಬಕೆಟ್ ಐಸ್ ತಂದುಕೊಟ್ಟಿದ್ರು. ರಿಸಲ್ಟ್ ಒಳ್ಳೇದೇ ಬಂತು, ಆದ್ರೆ ಹುಡ್ ಎರಡು ದಿನ ಬಂಗುಡೆ ವಾಸನೆ.)

ಈಗ ಟ್ಯೂಬಲ್ಲಿ ಮೂರು ಜಾತಿ ಉಂಟು: ಕಟ್ಟಿದ್ದು, ಒಂಟಿ ಬಿಎಸ್ಎ, ಒಂಟಿ ಡೆಕ್ಸ್‌ಟ್ರಾನ್. 0.15 ಮೋಲಾರ್ ಉಪ್ಪು ಇರುವ ಫಾಸ್ಫೇಟ್ ಬಫರಲ್ಲಿ ಎಸ್ 300 ಕಾಲಮ್ ಓಡಿಸಿ, 2 ಎಂಎಲ್‌ನ ಫ್ರ್ಯಾಕ್ಷನ್ ಹಿಡೀರಿ. ದೊಡ್ಡದು ಮೊದಲು ಬರ್ತದೆ, ಸಣ್ಣದು ಆಮೇಲೆ. ಪ್ರತಿ ಫ್ರ್ಯಾಕ್ಷನ್‌ಗೂ 280 ನ್ಯಾನೋಮೀಟರಲ್ಲಿ ರೀಡಿಂಗ್, ಅದು ಪ್ರೋಟೀನ್. ಅದೇ ಫ್ರ್ಯಾಕ್ಷನ್‌ನಿಂದ ಚೂರು ತೆಗ್ದು ಆಂಥ್ರೋನ್ ಟೆಸ್ಟ್, ಅದು ಸಕ್ಕರೆ. ಎರಡು ಗೆರೆಯನ್ನೂ ಒಂದೇ ಗ್ರಾಫಲ್ಲಿ ಎಳೀರಿ. ಕಂಟ್ರೋಲಲ್ಲಿ ಪ್ರೋಟೀನಿನ ಗುಡ್ಡ ಬಿಎಸ್ಎ ಬರಬೇಕಾದ ಜಾಗದಲ್ಲೇ ಕೂತಿರ್ತದೆ. ಕಾಂಜುಗೇಟಲ್ಲಿ ಎರಡೂ ಗುಡ್ಡ ಒಟ್ಟಿಗೆ ಎಡಕ್ಕೆ, ಮೊದಲು ಬರುವ ಕಡೆಗೆ ಜಾರಿರ್ತದೆ. ಒಂದು ತುದಿ ಎತ್ತಿದ್ರೆ ಇನ್ನೊಂದೂ ಜೊತೆಗೆ ಬಂತಲ್ಲ, ಇದು ಮೊದಲ ಸಾಕ್ಷಿ.

ಕಟ್ಟಿದೆಯಾ? ತೋರಿಸಿ

ಎರಡನೇ ಸಾಕ್ಷಿ ಜೆಲ್. ಎಸ್‌ಡಿಎಸ್ ಅನ್ನುವ ಡಿಟರ್ಜೆಂಟ್ ಹಾಕಿ ಕುದಿಸಿದ ಮೇಲೂ ಬಿಡದಿದ್ರೆ ಮಾತ್ರ ಅದು ಕೋವೇಲೆಂಟ್. ಕಂಟ್ರೋಲ್ ಲೇನಲ್ಲಿ 66 ಕಿಲೋಡಾಲ್ಟನ್ ಹತ್ರ ಬಿಎಸ್ಎ ಚಂದ ಕಾಣ್ತದೆ. ಕಾಂಜುಗೇಟ್ ಲೇನಲ್ಲಿ ಆ ಬ್ಯಾಂಡ್ ಬಡವಾಗಿ ಅಥವಾ ಮಾಯವಾಗಿ, ಮೇಲೆ ವೆಲ್ ಬಾಯಿಯಿಂದ ಕೆಳಗೆ ಶಾಯಿ ಚೆಲ್ಲಿದ ಹಾಗೆ ಒಂದು ಮಸುಕು ಬಾಲ. ಮಕ್ಕಳು ಇದನ್ನು ನೋಡಿ "ಅಕ್ಕಾ ಜೆಲ್ ಹಾಳಾಯ್ತು" ಅಂತ ಅಳುಮುಖ ಮಾಡ್ತಾರೆ, ಹಾಳಾಗಿಲ್ಲ ಮಾರಾಯ್ರೆ, ಒಂದೊಂದು ಪ್ರೋಟೀನಿಗೆ ಒಂದೊಂದು ಲೆಕ್ಕದಲ್ಲಿ ಸಕ್ಕರೆ ಕಟ್ಟಿದೆ, ಎಲ್ಲರ ಸೈಜೂ ಬೇರೆ ಬೇರೆ, ಅದಕ್ಕೆ ಸ್ಮಿಯರ್. ಕ್ಲೀನ್ ಬ್ಯಾಂಡ್ ಬಂದಿದ್ರೆ ಅಳಬೇಕಿತ್ತು. ಅದೇ ಥರದ ಇನ್ನೊಂದು ಜೆಲ್‌ಗೆ ಸಕ್ಕರೆಯನ್ನು ತೋರಿಸುವ ಪಿಎಎಸ್ ಸ್ಟೈನ್ ಹಾಕಿ, ಆ ಬಾಲ ಅದರಲ್ಲೂ ಬಣ್ಣ ಹಿಡಿದ್ರೆ ಕೇಸ್ ಗಟ್ಟಿ. ಬಿಎಸ್ಎಯಲ್ಲಿ ಮೊದಲೇ ಸ್ವಲ್ಪ ಜೋಡಿ ಜೋಡಿ ಅಂಟಿಕೊಂಡದ್ದು ಇರ್ತದೆ, 130ರ ಹತ್ರ ಒಂದು ಸಣ್ಣ ಬ್ಯಾಂಡ್ ಕಂಡ್ರೆ ಗಮ್ಮತ್ತು ಮಾಡ್ಲಿಕ್ಕೆ ಹೋಗ್ಬೇಡಿ, ಕಂಟ್ರೋಲಲ್ಲೂ ಉಂಟಾ ನೋಡಿ.

ಮೂರನೇದ್ದು ಲೆಕ್ಕ. ಸಕ್ಕರೆ ಎಷ್ಟು, ಪ್ರೋಟೀನ್ ಎಷ್ಟು, ಮತ್ತೆ ಒಂಟಿ ಸಕ್ಕರೆ ಎಷ್ಟು ಉಳಿದಿದೆ. ಆಂಥ್ರೋನ್ ಹಸಿರು ನೀಲಿ ಬಣ್ಣವನ್ನು 620 ನ್ಯಾನೋಮೀಟರಲ್ಲಿ ಓದಿ, ಸ್ಟ್ಯಾಂಡರ್ಡ್‌ಗೆ ಗ್ಲೂಕೋಸ್ ಬದಲು ಅದೇ ಡೆಕ್ಸ್‌ಟ್ರಾನ್ ಇಡಿ. ಇಲ್ಲಿ ಒಂದು ತಮಾಷೆಯ ತಪ್ಪು: ಒಬ್ಬಳು ಟೆಸ್ಟ್ ಟ್ಯೂಬ್ ಒಣಗ್ಲಿಲ್ಲ ಅಂತ ಟಿಶ್ಯೂ ಪೇಪರಲ್ಲಿ ಒಳಗೆಲ್ಲ ಒರೆಸಿದ್ಳು, ಬ್ಲ್ಯಾಂಕೇ ಹಸಿರಾಯ್ತು. ಪೇಪರ್ ಅಂದ್ರೆ ಸೆಲ್ಯುಲೋಸ್, ಸೆಲ್ಯುಲೋಸ್ ಅಂದ್ರೆ ಗ್ಲೂಕೋಸ್, ಸಲ್ಫ್ಯೂರಿಕ್ ಆಸಿಡಿಗೆ ಅದೂ ಇದೂ ಒಂದೇ. ನಮ್ಮ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಟ್ಯೂಬ್ ಗಾಳಿಗೆ ಒಣಗುದು ಕನಸು, ಓವನಲ್ಲಿ ಒಣಗಿಸಿ. ಪ್ರೋಟೀನಿಗೆ ಬ್ರಾಡ್‌ಫೋರ್ಡ್ ಮಾಡಿದ್ರೆ ಸ್ವಲ್ಪ ಕಮ್ಮಿ ತೋರಿಸಬಹುದು, ಲೈಸೀನ್‌ಗಳು ಸಕ್ಕರೆಗೆ ಕಟ್ಟಿಹೋಗಿರ್ತವಲ್ಲ, ಡೈ ಹಿಡಿಯುವ ಜಾಗ ಕಮ್ಮಿ. 280ರ ರೀಡಿಂಗ್ ಜೊತೆ ತಾಳೆ ನೋಡಿ.

ಒಂಟಿ ಸಕ್ಕರೆಗೆ ಡಿಆಕ್ಸಿಕೋಲೇಟ್ ಉಪಾಯ. ಸ್ಯಾಂಪಲ್‌ಗೆ ಡಿಆಕ್ಸಿಕೋಲೇಟ್ ಹಾಕಿ ಐಸಲ್ಲಿ ಅರ್ಧ ಗಂಟೆ ಇಟ್ಟು ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ್ರೆ ಪ್ರೋಟೀನ್ ಮತ್ತು ಪ್ರೋಟೀನಿಗೆ ಕಟ್ಟಿದ್ದೆಲ್ಲ ಬಿಳಿ ಮೊಸರಿನ ಹಾಗೆ ಕೆಳಗೆ ಕೂರ್ತದೆ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರಲ್ಲಿ ಆಂಥ್ರೋನ್. ಮೇಲೆ ಸಿಕ್ಕಿದ್ದೆಲ್ಲ ಕಟ್ಟದ ಸಕ್ಕರೆ. ಆಸಿಡ್ ಅಂದೆ ನೋಡಿ, ಇದು ಕಾಲಮ್ ಮುಗಿದು ಸಯನೋಬೊರೊಹೈಡ್ರೈಡ್ ಪೂರ್ತಿ ಹೋದ ಸ್ಯಾಂಪಲ್‌ಗೆ ಮಾತ್ರ, ರಿಯಾಕ್ಷನ್ ಟ್ಯೂಬಿಂದ ನೇರ ತೆಗ್ದು ಯಾವತ್ತೂ ಮಾಡ್ಬೇಡಿ. ವ್ಯಾಕ್ಸಿನ್ ಕಂಪೆನಿಗಳು ಇದೇ ಲೆಕ್ಕವನ್ನು ಬ್ಯಾಚ್ ಬ್ಯಾಚಿಗೂ ಮಾಡ್ತಾರೆ, ಯಾಕೆಂದ್ರೆ ಒಂಟಿ ಸಕ್ಕರೆ ಮಗುವಿಗೆ ಪ್ರಯೋಜನಕ್ಕಿಲ್ಲ, ಜಾಸ್ತಿ ಇದ್ರೆ ಕಟ್ಟಿದ್ದರ ಕೆಲಸಕ್ಕೂ ಅಡ್ಡ ಬರಬಹುದು. ಫ್ರಿಜ್ಜಲ್ಲಿ ಇಟ್ಟದ್ದನ್ನು ಒಂದು ತಿಂಗಳು ಬಿಟ್ಟು ಪುನಃ ಟೆಸ್ಟ್ ಮಾಡಿ ನೋಡಿ, ಅದೊಂದೇ ಗ್ರಾಫಲ್ಲಿ ಪ್ರಾಜೆಕ್ಟಿಗೆ ಒಂದು ಚಾಪ್ಟರ್ ಆಗ್ತದೆ.

ನಿಜವಾದ ಸಕ್ಕರೆಗೆ ಹೋದ್ರೆ ಎಂತ ಬದಲಾಗ್ತದೆ

ಡೆಕ್ಸ್‌ಟ್ರಾನ್‌ನ ಹಾಗೆ ಎಲ್ಲ ಸಕ್ಕರೆಯೂ ಪರ್‌ಅಯೋಡೇಟಿಗೆ ಬಗ್ಗುದಿಲ್ಲ, ವೈವಾದಲ್ಲಿ ಕೇಳುದೂ ಇದನ್ನೇ. ಟೈಫಾಯ್ಡಿನ ವಿಐ ಸಕ್ಕರೆ ತಗೊಳ್ಳಿ, ಅದರ ರಿಂಗಲ್ಲಿ ಎರಡನೇ ಕಾರ್ಬನಲ್ಲಿ ಅಸಿಟೈಲ್ ಅಮೀನ್, ಮೂರನೇದ್ದರಲ್ಲಿ ಅಸಿಟೈಲ್, ನಾಲ್ಕನೇದ್ದರಲ್ಲಿ ಪಕ್ಕದ ಸಕ್ಕರೆಯ ಜೋಡಣೆ. ಪಕ್ಕ ಪಕ್ಕದ ಓಎಚ್ ಎಲ್ಲುಂಟು? ಆದ್ರೆ ಕಾರ್ಬಾಕ್ಸಿಲ್ ಉಂಟು, ಹಾಗಾಗಿ ಇಡಿಸಿ ಅನ್ನುವ ಕಪ್ಲಿಂಗ್ ರಿಯೇಜೆಂಟ್, ನಡುವೆ ಅಡಿಪಿಕ್ ಡೈಹೈಡ್ರಜೈಡ್ ಅನ್ನುವ ಸಣ್ಣ ಸೇತುವೆ. ಹಿಬ್‌ನ ಸಕ್ಕರೆಯಲ್ಲಿ ಪರ್‌ಅಯೋಡೇಟ್ ಕತ್ತರಿಸುದು ರೈಬಿಟಾಲ್ ಭಾಗವನ್ನು, ಮೆನಿಂಗೊಕಾಕಸ್ ಸಿಯಲ್ಲಿ ಸಿಯಾಲಿಕ್ ಆಸಿಡಿನ ಬಾಲವನ್ನು. ಇನ್ನು ಸಿಡಿಎಪಿ ಅಂತ ಒಂದು ಉಂಟು, ಸಾದಾ ಓಎಚ್ ಇದ್ರೂ ಕೆಲವೇ ನಿಮಿಷದಲ್ಲಿ ಚುರುಕು ಮಾಡಿಕೊಡ್ತದೆ, ಮೊದಲು ಬಳಸ್ತಿದ್ದ ಸಯನೋಜನ್ ಬ್ರೋಮೈಡಿಗಿಂತ ಎಷ್ಟೋ ವಾಸಿ. ಮತ್ತೆ ವಿಐಯ ಆ ಅಸಿಟೈಲ್ ಗುಂಪು ಆಂಟಿಬಾಡಿಗೆ ಬೇಕಾದ ಗುರ್ತು, ಪಿಎಚ್ ತುಂಬ ಏರಿಸಿದ್ರೆ ಉದುರಿಹೋಗ್ತದೆ. ಅಂದ್ರೆ ಯಾವ ಕೆಮಿಸ್ಟ್ರಿ ಅಂತ ತೀರ್ಮಾನ ಮಾಡುದು ನಿಮ್ಮ ಫ್ರಿಜ್ಜಲ್ಲಿ ಎಂತ ಉಂಟು ಅಂತ ಅಲ್ಲ, ಸಕ್ಕರೆಯ ಸ್ಟ್ರಕ್ಚರ್ ಬಿಡಿಸಿ ನೋಡಿ.

ಪ್ರೋಟೀನೂ ಬಿಎಸ್ಎ ಇರುದಿಲ್ಲ. ಟೆಟನಸ್ ಟಾಕ್ಸಾಯ್ಡ್ (ವಿಷ ತೆಗೆದ ಟೆಟನಸ್ ಟಾಕ್ಸಿನ್), ಇಲ್ಲ ಸಿಆರ್‌ಎಂ 197. ಈ ಎರಡನೇದ್ದು ಡಿಫ್ತೀರಿಯಾ ಟಾಕ್ಸಿನ್ನೇ, ಆದ್ರೆ 52ನೇ ಜಾಗದ ಗ್ಲೈಸೀನ್ ಹೋಗಿ ಗ್ಲುಟಾಮಿಕ್ ಆಸಿಡ್ ಬಂದು ಕೂತದ್ದರಿಂದ ವಿಷ ಹೋಗಿದೆ. 58 ಕಿಲೋಡಾಲ್ಟನ್, 39 ಲೈಸೀನ್. ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಫಾಯ್ಡ್ ಕಾಂಜುಗೇಟಲ್ಲಿ ಟೆಟನಸ್ ಟಾಕ್ಸಾಯ್ಡ್ ಉಂಟು, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ 10 ಬಗೆಯ ನ್ಯುಮೊಕಾಕಸ್ ವ್ಯಾಕ್ಸಿನಲ್ಲಿ ಸಿಆರ್‌ಎಂ. ಅದೇ ಪುಣೆಯಲ್ಲಿ ಮಾಡಿದ ಮೆನಿಂಗೊಕಾಕಸ್ ಎ ಕಾಂಜುಗೇಟ್ 2010ರಲ್ಲಿ ಬುರ್ಕಿನಾ ಫಾಸೊದಲ್ಲಿ ಶುರುವಾಗಿ ಆಫ್ರಿಕಾದ ಒಂದು ದೊಡ್ಡ ಪಟ್ಟಿಯಲ್ಲಿ ಆ ಖಾಯಿಲೆಯನ್ನು ಹೆಚ್ಚುಕಮ್ಮಿ ಅಳಿಸಿಯೇಬಿಟ್ಟಿತು, ಆಗ ಒಂದು ಡೋಸ್ ಅರ್ಧ ಡಾಲರ್‌ಗಿಂತ ಕಮ್ಮಿ ಇತ್ತು. ಅದರ ಕೆಮಿಸ್ಟ್ರಿ? ಪರ್‌ಅಯೋಡೇಟಲ್ಲಿ ಸಕ್ಕರೆಗೆ ಆಲ್ಡಿಹೈಡ್, ಹೈಡ್ರಜೀನ್ ಹಚ್ಚಿ ಚುರುಕು ಮಾಡಿದ ಟೆಟನಸ್ ಟಾಕ್ಸಾಯ್ಡ್, ಕೊನೆಗೆ ಬೊರೊಹೈಡ್ರೈಡ್. ನೀವು ಮೊದಲ ದಿನ ಫಾಯಿಲ್ ಸುತ್ತಿ ಇಟ್ಟಿರಲ್ಲ, ಅದೇ.

ಕೊನೆಗೆ ವೇಸ್ಟ್

ಸಯನೋಬೊರೊಹೈಡ್ರೈಡ್ ತಾಗಿದ ಎಲ್ಲ ನೀರು, ಕಾಲಮಿನ ಕೊನೇ ಫ್ರ್ಯಾಕ್ಷನ್‌ಗಳು ಸೇರಿ, ಒಂದೇ ಬೇರೆ ಬಾಟ್ಲಿಗೆ. ಅದರಲ್ಲಿ ಪಿಎಚ್ 10ರ ಮೇಲೆ ಇರುವಷ್ಟು ಸೋಡಿಯಂ ಹೈಡ್ರಾಕ್ಸೈಡ್ ಮೊದಲೇ ಹಾಕಿಡಿ, ಮುಚ್ಚಳ ಪೂರ್ತಿ ಬಿಗಿ ಮಾಡ್ಬೇಡಿ, ಹುಡ್ ಒಳಗೇ ಇರ್ಲಿ, ತುಂಬಿದ ಮೇಲೆ ಕಾಲೇಜಿನ ಕೆಮಿಕಲ್ ವೇಸ್ಟ್ ತಗೊಂಡು ಹೋಗುವವರಿಗೆ ಕೊಡಿ, ಸಿಂಕಿಗೆ ಬೇಡ. ಆಂಥ್ರೋನಿನ ಆಸಿಡ್ ವೇಸ್ಟ್ ಬಾಟ್ಲಿ ಈ ಬಾಟ್ಲಿಯ ಪಕ್ಕ ಯಾವ ಕಾರಣಕ್ಕೂ ಇಡ್ಲಿಕ್ಕಿಲ್ಲ, ರೂಮಿನ ಆ ಕಡೆ ಇಡಿ. ಲೇಬಲ್ ಇಂಗ್ಲಿಷಲ್ಲಿ ಬರ್ದು ಕೈ ತೊಳ್ಕೊಳ್ಬೇಡಿ. ಸಂಜೆ ನೀವೆಲ್ಲ ಬಸ್ಸು ಹಿಡಿದು ಹೋದ ಮೇಲೆ ಆ ಬೆಂಚ್ ಒರೆಸುವವರು ನಮ್ಮ ಕ್ಲೀನಿಂಗಿನ ಅಕ್ಕ, ಅವರು ಓದುದು ಕನ್ನಡ. ಕೆಂಪು ಮಾರ್ಕರಲ್ಲಿ, ದೊಡ್ಡ ಅಕ್ಷರದಲ್ಲಿ, "ಮುಟ್ಬೇಡಿ, ಆಸಿಡ್ ಹಾಕ್ಬೇಡಿ, ವಿಷದ ಗ್ಯಾಸ್ ಬರ್ತದೆ" ಅಂತ ಬರ್ದು, ಕೆಳಗೆ ನಿಮ್ಮ ಹೆಸರು, ತಾರೀಕು, ಫೋನ್ ನಂಬರ್ ಹಾಕಿ, ಮತ್ತೆ ಹೋಗುವ ಮೊದಲು ಅವರಿಗೆ ಒಮ್ಮೆ ಬಾಯಲ್ಲೂ ಹೇಳಿ.